ನಲವತ್ತು ಸೆಕೆಂಡಿನ ಕೂಗು

ಚಿದಂಬರನಿಗೆ ಆ ದಿನ ಬೇಕಾಗಿದ್ದದ್ದು ನಲವತ್ತು ಸೆಕೆಂಡು ಬಾಯಿ ತುಂಬಾ ಕಿರುಚಲು ಒಂದು ಜಾಗ. ಅಷ್ಟೇ. ಅರಸೀಕೆರೆಯಿಂದ ಹಳೇಬೀಡಿನವರೆಗೆ ಹುಡುಕಿದರೂ ಅಷ್ಟು ಜಾಗ ಸಿಗುವುದಿಲ್ಲ ಅಂತ ಬೆಳಿಗ್ಗೆ ಎಂಟು ಗಂಟೆಗೆ ಯಾರಾದರೂ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ. ನಗುವುದೂ ಅವನದು ಸದ್ದಿಲ್ಲದ ನಗು.

ಸದ್ದು ಅನ್ನುವುದೇ ಅವನ ಮೈಗೆ ಆಗದು ಅಂತ ಅರಸೀಕೆರೆಯ ಜನ ತಿಳಿದಿದ್ದರು. ಮೂವತ್ತಾರು ವರ್ಷದ ಚಿದಂಬರ ಊರಿನ ಗ್ರಂಥಾಲಯದಲ್ಲಿ ಸಹಾಯಕ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನ ಬಾಯಿಂದ ಹೊರಟ ಅತಿ ದೊಡ್ಡ ಶಬ್ದ ‘ಶ್ಶ್’. ತರಕಾರಿ ಅಂಗಡಿಯಲ್ಲಿ ಅರ್ಧ ಕೇಜಿ ಬೀನ್ಸು ಕೇಳಿದರೆ ಅಂಗಡಿಯವನು ಬಗ್ಗಿ ಕಿವಿ ಕೊಡಬೇಕಾಗುತ್ತಿತ್ತು. ಕೊಟ್ಟ ಮೇಲೂ ಒಮ್ಮೊಮ್ಮೆ ಮೂಲಂಗಿ ತೂಗಿಬಿಡುತ್ತಿದ್ದ. ಚಿದಂಬರ ಎರಡನೇ ಸಲ ಕೇಳುವ ಗೋಜಿಗೆ ಹೋಗದೆ ಮೂಲಂಗಿಯನ್ನೇ ತಂದು ತಿನ್ನುತ್ತಿದ್ದ.

ಇಂಥವನು ಏಳು ವರ್ಷದಿಂದ ಗುಟ್ಟಾಗಿ ಬ್ಲ್ಯಾಕ್ ಮೆಟಲ್ ಸಂಗೀತ ಮಾಡುತ್ತಿದ್ದ.

ಅದೆಂಥ ಸಂಗೀತ ಅಂತ ತಿಳಿಯದವರಿಗೆ ಒಂದು ಮಾತು. ಹೆಜ್ಜೇನಿನ ಗೂಡಿಗೆ ಕಲ್ಲು ಬಿದ್ದಾಗ ಏಳುವ ಸದ್ದು ಅದರಲ್ಲಿ ಗಿಟಾರಿನದು. ಕಲ್ಲು ಹೊಡೆದವನು ಓಡುವ ಸದ್ದು ಡ್ರಮ್ಮಿನದು. ಸಿಕ್ಕಿಬಿದ್ದು ಕಚ್ಚಿಸಿಕೊಂಡ ಮೇಲೆ ಅವನು ಮಾಡುವ ಸದ್ದೇ ಹಾಡು. ಇದು ಸಾದಾ ಬಗೆ. ಇದರಲ್ಲೇ ಅಟ್ಮಾಸ್ಫಿಯರಿಕ್ ಅಂತ ಒಂದಿದೆ, ಅದರಲ್ಲಿ ನಡುನಡುವೆ ಹತ್ತು ನಿಮಿಷ ಬರೀ ಗಾಳಿ ಬೀಸುತ್ತದೆ. ಎಕ್ಸ್‌ಪೆರಿಮೆಂಟಲ್ ಅಂತ ಇನ್ನೊಂದಿದೆ, ಅದರಲ್ಲಿ ಏನು ಬೇಕಾದರೂ ಬೀಸಬಹುದು. ಚಿದಂಬರನದು ಈ ಎರಡೂ ಬೆರೆತದ್ದು.

ಅವನ ತಂಡದ ಹೆಸರು ‘ಪಾಳುಗುಡಿ’. ತಂಡ ಅಂದರೆ ಅವನೊಬ್ಬನೇ. ಆಲ್ಬಮ್ಮಿನ ಹೆಸರು ‘ದ್ವಾರಸಮುದ್ರದ ಕೊನೆಯ ಸಂಜೆ’. ಹಳೇಬೀಡು ದ್ವಾರಸಮುದ್ರ ಅನ್ನುವ ರಾಜಧಾನಿಯಾಗಿದ್ದ ಕಾಲದಲ್ಲಿ ದಂಡು ಬಂದು ಊರು ಹಾಳಾದದ್ದನ್ನು ಒಂದೇ ಹಾಡಿನಲ್ಲಿ, ನಲವತ್ತೊಂದು ನಿಮಿಷದಲ್ಲಿ ಹೇಳುವ ಸಾಹಸ. ದಂಡಿನ ಸದ್ದಿಗೆ ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾಡಿಯ ಬ್ರೇಕಿನ ಸದ್ದು ಸೇರಿಸಿದ್ದ. ಕೋಟೆ ಬೀಳುವುದಕ್ಕೆ ರಾಗಿ ಮಿಲ್ಲು. ಅರಮನೆಯ ಕಹಳೆ ಮಾತ್ರ ಹೆಂಡತಿ ದಿವ್ಯಾಳ ಕುಕ್ಕರಿನ ವಿಷಲ್ಲು, ಎಂಟು ಪಟ್ಟು ನಿಧಾನ ಮಾಡಿದ್ದು. ಕೊನೆಗೆ ಎಲ್ಲ ಸದ್ದೂ ಅಡಗಿ, ಹಾಳಾದ ಊರೇ ಬಾಯಿಬಿಟ್ಟು ಕೂಗಿದ ಹಾಗೆ ನಲವತ್ತು ಸೆಕೆಂಡು ಒಂದು ಕೂಗು. ಅದೊಂದೇ ಬಾಕಿ.

ಏಳು ವರ್ಷದಲ್ಲಿ ಅವನ ಸಂಗೀತವನ್ನು ಮೊದಲಿಂದ ಕೊನೆಯವರೆಗೆ ಕೇಳಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನಿದ್ದದ್ದು ಫಿನ್‌ಲ್ಯಾಂಡಿನಲ್ಲಿ. ಅಲ್ಲಿ ಅವನದೊಂದು ಪುಟ್ಟ ಕ್ಯಾಸೆಟ್ ಕಂಪನಿ. ಹಿಂದಿನ ರಾತ್ರಿ ಅವನಿಂದ ಸಂದೇಶ ಬಂದಿತ್ತು: ‘ನಾಳೆ ನಿಮ್ಮ ಗಡಿಯಾರದಲ್ಲಿ ಸಂಜೆ ಐದರೊಳಗೆ ಆ ಕೂಗು ಕಳಿಸು. ಕ್ಯಾಸೆಟ್ ಅಚ್ಚಿಗೆ ಹೋಗುತ್ತದೆ. ತಪ್ಪಿದರೆ ನಿನ್ನ ಸರದಿ ಪೋಲೆಂಡಿನ ಒಂದು ತಂಡಕ್ಕೆ.’

ಇನ್ನೊಬ್ಬರ ಕೈಗೆ ತನ್ನ ಹಾಡು ಹೋಗುತ್ತದೆ ಅನ್ನುವ ಆಸೆ ಚಿದಂಬರನಿಗೆ ಹೊಟ್ಟೆಹಸಿವಿನಂತೆ ಇತ್ತು. ದಿವ್ಯಾಗೂ ಅದು ಗೊತ್ತಿತ್ತು. ಅವಳು ಶಾಲೆಗೆ ಹೊರಡುತ್ತ, “ಇವತ್ತು ಕಿರುಚಿ ಮುಗಿಸಿಬಿಡ್ರಿ. ಆಮೇಲಾದ್ರೂ ಆ ಕೂದ್ಲು ಕತ್ತರಿಸಿ,” ಅಂದಳು. ಕೂದಲು ಬೆನ್ನ ನಡುವಿನವರೆಗಿತ್ತು. ಈ ಸಂಗೀತದವರಿಗೆ ಅದು ಇರಲೇಬೇಕು. ಊರವರಿಗೆ ಮಾತ್ರ ಮಾಲೇಕಲ್ಲು ತಿಮ್ಮಪ್ಪನ ಹರಕೆ ಅಂತ ಹೇಳಿದ್ದ.

ಎಂಟೂವರೆಗೆ ಚಿದಂಬರ ಗ್ರಂಥಾಲಯಕ್ಕೆ ರಜೆ ಹೇಳಿ, ಕಿಟಕಿ ಬಾಗಿಲು ಭದ್ರಪಡಿಸಿ, ಎರಡು ರಜಾಯಿ ಹೊದ್ದು, ಒಳಗೆ ಫೋನಿಗೆ ಮೈಕು ಸಿಕ್ಕಿಸಿಕೊಂಡು ಕೂತ. ಉಸಿರು ಎಳೆದ. ಕಿರುಚಿದ.

ಆರನೇ ಸೆಕೆಂಡಿಗೆ ಬಾಗಿಲು ಧಡಧಡ ಅಂದಿತು. ಏಳನೇದಕ್ಕೆ ಚಿಲಕವೇ ಕಿತ್ತು ಬಂತು. ಪಕ್ಕದ ಮನೆಯ ಹನುಮಂತಯ್ಯ ಒಳಗೆ ನುಗ್ಗಿದ್ದ. ಅವನು ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತನಾದವನು. ನಿವೃತ್ತಿಯಾಗಿ ಆರು ವರ್ಷವಾದರೂ ಬೀದಿಯಲ್ಲಿ ಯಾವುದು ಹೊರಡಬೇಕು ಯಾವುದು ನಿಲ್ಲಬೇಕು ಅನ್ನುವುದನ್ನು ತಾನೇ ನೋಡಿಕೊಳ್ಳುತ್ತಿದ್ದ.

“ಏನಾಯ್ತ್ರೀ? ಹಾವಾ? ಸಿಲಿಂಡ್ರಾ? ಕರೆಂಟಾ?”

ರಜಾಯಿಯೊಳಗಿಂದ ಚಿದಂಬರನ ಕೆಂಪಾದ ಮುಖ ಹೊರಗೆ ಬಂತು. ಹನುಮಂತಯ್ಯನ ಹಿಂದೆ ಇಡೀ ಬೀದಿ ನಿಂತಿತ್ತು. ಹನ್ನೊಂದು ವರ್ಷದಿಂದ ಆ ಮನೆಯಿಂದ ಒಂದು ಕೆಮ್ಮೂ ಕೇಳದವರು ಇವತ್ತು ಏನೋ ಅನಾಹುತವೇ ಆಗಿದೆ ಅಂತ ಅರ್ಧ ಹಲ್ಲುಜ್ಜಿಕೊಂಡೇ ಓಡಿ ಬಂದಿದ್ದರು.

“ಹಲ್ಲು ನೋವು,” ಅಂದ ಚಿದಂಬರ.

ಅಂದದ್ದೇ ತಪ್ಪಾಯಿತು. ಲವಂಗ ಬಂತು. ಉಪ್ಪುನೀರು ಬಂತು. ಯಾರೋ ಬೇವಿನ ಕಡ್ಡಿ ತಂದರು. ಹನುಮಂತಯ್ಯ ಅವನ ಗಲ್ಲ ಹಿಡಿದು ಬಾಯಿ ತೆಗೆಸಿ ಟಾರ್ಚು ಬಿಟ್ಟು, “ಎಡಗಡೆ ದವಡೆ ಹಲ್ಲು ಹೋಗೈತೆ. ನಂಗಾಗ್ಲೇ ಕಾಣ್ತಾ ಐತೆ,” ಅಂದ. ಯಾವ ತೊಂದರೆಯೂ ಇರದ ಆ ಹಲ್ಲನ್ನು ಏಳು ಜನ ಮುಟ್ಟಿ ನೋಡಿದರು. ಹನುಮಂತಯ್ಯ ಅಲ್ಲೇ ಕುರ್ಚಿ ಹಾಕಿಕೊಂಡು, “ನೀವು ಒಬ್ರೇ ಇರಬ್ಯಾಡಿ, ನಾನು ಸಂಜೆ ತನಕ ಇರ್ತೀನಿ,” ಅಂದಾಗ ಚಿದಂಬರನಿಗೆ ಜೀವ ಹಾರಿಹೋಯಿತು. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಸ್ಕೂಟರು ಹತ್ತಿ ಊರು ಬಿಡುವಷ್ಟರಲ್ಲಿ ಹತ್ತೂವರೆ.

ಬೆಟ್ಟದ ಮೇಲಾದರೆ ಯಾರೂ ಇರುವುದಿಲ್ಲ ಅನ್ನುವುದು ಅವನ ಲೆಕ್ಕ. ಅದಕ್ಕೇ ಮಾಲೇಕಲ್ಲಿಗೆ ಹೊರಟ. ಸಾವಿರ ಚಿಲ್ಲರೆ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುವ ಹೊತ್ತಿಗೆ ಅವನಿಗೆ ಇನ್ನೊಂದು ವಿಷಯ ನೆನಪಾಯಿತು. ಅವತ್ತು ಶನಿವಾರ. ತಿಮ್ಮಪ್ಪನ ಭಕ್ತರಿಗೆ ಶನಿವಾರ ಬಿಟ್ಟು ಬೇರೆ ವಾರವೇ ಇಲ್ಲ.

ಆದರೂ ಗುಡಿಯ ಹಿಂದೆ, ಬಂಡೆಯ ಮರೆಯಲ್ಲಿ, ಗಾಳಿ ಸುಯ್ಯೆನ್ನುವ ಒಂದು ಮೂಲೆ ಸಿಕ್ಕಿತು. ಗಾಳಿಯ ಸದ್ದು ಕೇಳಿ ಚಿದಂಬರನಿಗೆ ಮನಸ್ಸು ತುಂಬಿತು. ಇದೇ ಅಟ್ಮಾಸ್ಫಿಯರು! ಫೋನನ್ನು ಬಂಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಹೊಟ್ಟೆಯ ಆಳದಿಂದ ಕೂಗು ತೆಗೆದ.

ಕೂಗು ಬೆಟ್ಟದ ಮೇಲೆಲ್ಲ ಹರಡಿತು. ಮರುಕ್ಷಣವೇ ಮೆಟ್ಟಿಲ ಸಾಲಿನಿಂದ, ಗುಡಿಯ ಒಳಗಿನಿಂದ, ಕಾಯಿ ಒಡೆಯುವ ಕಲ್ಲಿನ ಹತ್ತಿರದಿಂದ ಮುನ್ನೂರು ಕಂಠ ಒಟ್ಟಿಗೆ ಎದ್ದಿತು: “ಗೋವಿಂದಾ… ಗೋಽವಿಂದ!”

ತಿಮ್ಮಪ್ಪನ ಬೆಟ್ಟದಲ್ಲಿ ಒಬ್ಬ ಕೂಗಿದರೆ ಉಳಿದವರು ಸುಮ್ಮನಿರುವ ಪದ್ಧತಿಯಿಲ್ಲ. ಏನು ಕೂಗಿದ ಅಂತ ಯಾರೂ ವಿಚಾರಿಸುವುದೂ ಇಲ್ಲ. ಚಿದಂಬರ ಇನ್ನೊಂದು ಸಲ ಪ್ರಯತ್ನಪಟ್ಟ. “ಗೋವಿಂದಾ… ಗೋಽವಿಂದ!” ಮೂರನೇ ಸಲ ಬರೀ ಸೀನಿದ. ಅದಕ್ಕೂ ಗೋವಿಂದ ಬಂತು.

ಗಂಡಸಿ ಊರಿನ ಕಡೆಯ ಒಬ್ಬ ಮುದುಕಿ ಬಂಡೆ ಸುತ್ತಿ ಬಂದು, “ಎಂಥಾ ಭಕ್ತಿನಪ್ಪ ನಿಂದು! ಕರ್ಳು ಕಿತ್ತು ಬರೋ ಹಂಗ್ ಕೂಗ್ತೀಯಲ್ಲ,” ಅಂತ ಅವನ ಕಾಲು ಮುಟ್ಟಿದಳು. ಆಮೇಲೆ ಅವಳ ಕಣ್ಣು ಕೂದಲಿನ ಮೇಲೆ ಬಿತ್ತು. “ಮುಡಿ ಕೊಡಾಕ್ ಬಂದಿದ್ದೀಯಾ? ಬಾ, ನಾನೇ ತೋರುಸ್ತೀನಿ ಎಲ್ಲಿ ಅಂತ.” ಅವಳ ಜೊತೆಗೆ ಇನ್ನೂ ನಾಲ್ಕು ಜನ ಸೇರಿಕೊಂಡರು. ಚಿದಂಬರ ಫೋನು ಎತ್ತಿಕೊಂಡು ಮೆಟ್ಟಿಲು ಇಳಿದ ವೇಗಕ್ಕೆ ಹತ್ತುವವರು ಅಂಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರೂ ಗೋವಿಂದ ಅಂದರು.

ಕೆಳಗೆ ಬಂದು ಎಳನೀರು ಕುಡಿಯುತ್ತ ಯೋಚಿಸಿದ. ಬಿಕ್ಕೋಡಿನ ಕಾಫಿ ತೋಟಗಳಾದರೆ ನಿರ್ಜನ. ಆದರೆ ಅಲ್ಲಿ ಕಾಡಾನೆ ಕಾಟ. ಒಬ್ಬ ಕಿರುಚಿದರೆ ಜೀಪು, ಪಟಾಕಿ, ತಗಡು ಡಬ್ಬ ಎಲ್ಲ ಒಟ್ಟಿಗೆ ಬರುತ್ತವೆ. ಅದಕ್ಕಿಂತ ಹಳೇಬೀಡೇ ವಾಸಿ. ಹಾಳಾದ ಊರಿನ ಕೂಗನ್ನು ಆ ಊರಿನಲ್ಲೇ ಕೂಗಿದರೆ ಅದಕ್ಕೊಂದು ನ್ಯಾಯವೂ ಸಿಕ್ಕ ಹಾಗಾಯಿತು ಅಂದುಕೊಂಡು ಜಾವಗಲ್ಲಿನ ದಾರಿ ಹಿಡಿದ.

ಹಳೇಬೀಡಿನ ಗುಡಿಯ ಹತ್ತಿರ ಪ್ರವಾಸದ ಬಸ್ಸುಗಳು ಸಾಲುಗಟ್ಟಿದ್ದವು. ಅದಕ್ಕೇ ಊರು ಬಳಸಿ ಕೆರೆಯ ಆಚೆ ದಡಕ್ಕೆ ಹೋದ. ಎರಡೂವರೆ ಗಂಟೆಯ ಬಿಸಿಲು. ನರಪಿಳ್ಳೆ ಇಲ್ಲ. ನೀರಿನಲ್ಲಿ ಹತ್ತು ಹನ್ನೆರಡು ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟುಕೊಂಡು ಬಿದ್ದಿದ್ದವು. ಎಮ್ಮೆಗಳು ಗೋವಿಂದ ಅನ್ನುವುದಿಲ್ಲ ಅನ್ನುವ ಧೈರ್ಯದಿಂದ ಚಿದಂಬರ ಕೂಗಿದ.

ಹತ್ತು ಸೆಕೆಂಡಾಯಿತು. ಹದಿನೈದಾಯಿತು. ಎಂಥ ಕೂಗು ಬರುತ್ತಿತ್ತು ಅಂದರೆ ಅವನ ಕಣ್ಣಲ್ಲೇ ನೀರು ಬಂತು. ಇಪ್ಪತ್ತಕ್ಕೆ ಏನೋ ಬುಸ್ ಅಂದದ್ದು ಕೇಳಿ ಕಣ್ಣು ತೆರೆದ. ಅಷ್ಟೂ ಎಮ್ಮೆಗಳು ನೀರಿನಿಂದೆದ್ದು, ಕೆಸರು ಸುರಿಸುತ್ತ, ಸಾಲಾಗಿ ಅವನ ಕಡೆಗೇ ಬರುತ್ತಿದ್ದವು. ಮುಂದಿನ ಎಮ್ಮೆ ಮೈಕಿನ ಮೇಲೆ ಮೂಗಿಟ್ಟಿತು.

“ಯಾವನ್ಲಾ ಅವ್ನು ನಮ್ಮೆಮ್ಮೆ ಕರೆಯೋನು?” ಅಂತ ಹೊಂಗೆ ಮರದ ಕೆಳಗಿಂದ ಒಬ್ಬ ಹೆಂಗಸು ಕೋಲು ಹಿಡಿದು ಎದ್ದು ಬಂದಳು. “ಸಂಜೆ ಆರಕ್ಕೆ ನಾನು ಕೂಗೋ ಕೂಗು ಅದು! ಈಗ್ಲೇ ಮನೆಗೆ ಹೊಡ್ಕೊಂಡ್ ಹೋಗಿ ಏನ್ ಮಾಡ್ಲಿ ಇವನ್ನ? ಇಳ್ಸು ನೀರಿಗೆ!”

ಎದ್ದ ಎಮ್ಮೆಯನ್ನು ಮತ್ತೆ ನೀರಿಗೆ ಇಳಿಸುವ ವಿದ್ಯೆ ಚಿದಂಬರನಿಗೆ ತಿಳಿದಿರಲಿಲ್ಲ. ಎಮ್ಮೆಗಳಿಗೂ ಅವನ ಮೇಲೆ ಎಂಥದೋ ವಿಶ್ವಾಸ ಬಂದುಬಿಟ್ಟಿತ್ತು. ಅವನು ಹೋದ ಕಡೆಗೆಲ್ಲ ಬಂದವು. ಕೊನೆಗೆ ಅವನೇ ಮೊಣಕಾಲುದ್ದ ನೀರಿಗಿಳಿದು ನಿಂತ ಮೇಲೆ ಒಂದೊಂದಾಗಿ ಇಳಿದವು. ಈ ಕೆಲಸಕ್ಕೆ ಒಂದೂಕಾಲು ಗಂಟೆ ಹಿಡಿಯಿತು.

ನಾಲ್ಕಕ್ಕೆ ಬೇಲೂರಿನ ರಸ್ತೆಯಲ್ಲಿ ಸ್ಕೂಟರು ಓಡಿಸುತ್ತಿದ್ದ ಚಿದಂಬರನಿಗೆ ಅಳು ಬರುವುದೊಂದು ಬಾಕಿ. ಏಳು ವರ್ಷದ ಕೆಲಸ, ಇನ್ನೊಂದೇ ಗಂಟೆ, ಕಿರುಚಲು ಒಂದು ಮೊಳ ಜಾಗವಿಲ್ಲ. ರಸ್ತೆ ಪಕ್ಕದ ಒಂದು ಹಳ್ಳಿಯಲ್ಲಿ ಶಾಮಿಯಾನ ಹಾಕಿ ದಾರಿ ಕಟ್ಟಿದ್ದರು. ಸ್ಕೂಟರು ನಿಲ್ಲಿಸಿದ. ತಮಟೆಯವರು ಬೀಡಿ ಸೇದುತ್ತ ಕೂತಿದ್ದರು. ಒಳಗೆ ಹೆಂಗಸರು ಅಳುತ್ತಿದ್ದರು. ಒಬ್ಬಳು ಎದೆ ಬಡಿದುಕೊಂಡು ಚೀರಿದಳು. ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ. ಯಾರೂ ಲವಂಗ ತರಲಿಲ್ಲ. ಯಾರೂ ಗೋವಿಂದ ಅನ್ನಲಿಲ್ಲ.

ಚಿದಂಬರನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ನಾಚಿಕೆಯೂ ಆಯಿತು. ಆದರೆ ಹೊತ್ತು ನಾಲ್ಕೂ ಹತ್ತು. ನಾಚಿಕೆಯನ್ನು ಸ್ಕೂಟರಿನ ಹತ್ತಿರವೇ ಬಿಟ್ಟು, ಫೋನಿನ ರೆಕಾರ್ಡು ಒತ್ತಿ, ಅಂಗಿಯ ಜೇಬಿನಿಂದ ಮೈಕಿನ ತುದಿ ಮಾತ್ರ ಹೊರಗಿಟ್ಟು ಒಳಗೆ ನಡೆದ.

ತೀರಿಕೊಂಡವನು ಎಂಬತ್ತಾರು ವರ್ಷದ ರಂಗಪ್ಪ. ಹಾರದೊಳಗೆ ಮೂಗಷ್ಟೇ ಕಾಣುವಂತೆ ಅವನನ್ನು ಕೂರಿಸಿದ್ದರು. ಪಕ್ಕದಲ್ಲೇ ಅವನ ಹೆಂಡತಿ ಗಿಡ್ಡಮ್ಮ ಕಂಬಕ್ಕೆ ಒರಗಿ ಕಲ್ಲಿನಂತೆ ಕೂತಿದ್ದಳು. ಬೆಳಗಿನಿಂದ ಅವಳು ಒಂದು ಹನಿ ಅತ್ತಿರಲಿಲ್ಲ. “ಮಕ್ಳಿಲ್ಲ ಮರಿಯಿಲ್ಲ, ಇದ್ದೋನೂ ಹೋದ. ಅಳ್ದೆ ಹಿಂಗೇ ಕೂತ್ರೆ ಎದೆ ಒಡ್ಕೋತಾಳೆ ಕಣ್ರೋ,” ಅಂತ ಹೆಂಗಸರು ಪಿಸುಗುಟ್ಟುತ್ತಿದ್ದರು.

ಚಿದಂಬರ ಹೆಣದ ಮುಂದೆ ಮಂಡಿಯೂರಿ ಕೈ ಮುಗಿದ. ಮನಸ್ಸಿನಲ್ಲೇ ರಂಗಪ್ಪನ ಕ್ಷಮೆ ಕೇಳಿದ. ಕಣ್ಣು ಮುಚ್ಚಿ ಕೂಗಿದ.

ಮೂಲಂಗಿ ತಿಂದ ವರ್ಷಗಳೆಲ್ಲ ಆ ಕೂಗಿನಲ್ಲಿ ಹೊರಗೆ ಬಂದವು. ಶಾಮಿಯಾನದ ಕೆಳಗೆ ಎಲ್ಲರೂ ಅಳು ನಿಲ್ಲಿಸಿದರು. ತಮಟೆಯವರ ಬೀಡಿ ಆರಿತು. ಎಲ್ಲೋ ನಡುವೆ ಚಿದಂಬರನ ಮೈಯ ರೋಮವೆಲ್ಲ ನೆಟ್ಟಗೆ ನಿಂತು, ‘ಆಹಾ, ನನ್ನೊಳಗೆ ಇಷ್ಟಿತ್ತೇ!’ ಅಂತ ತನಗೆ ತಾನೇ ಬೆರಗಾದ. ನಲವತ್ತು ಸೆಕೆಂಡಲ್ಲ, ಐವತ್ತೇ ಆಗಿತ್ತು. ಕಣ್ಣು ಬಿಟ್ಟಾಗ ಗಿಡ್ಡಮ್ಮನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಹೆಂಗಸರು ಅವಳನ್ನು ತಬ್ಬಿಕೊಂಡು, “ಅತ್ಲು ಕಣೇ, ಕೊನೆಗೂ ಅತ್ಲು,” ಅನ್ನುತ್ತಿದ್ದರು.

ಚಿದಂಬರ ಮೆಲ್ಲಗೆ ಎದ್ದು ಹೊರಡಲು ನೋಡಿದ. ಒಂದು ದಪ್ಪ ಕೈ ಅವನ ಭುಜದ ಮೇಲೆ ಬಿತ್ತು.

ಕೈ ಜವರಪ್ಪನದು. ರಂಗಪ್ಪನ ತಮ್ಮನ ಮಗ. ಮೊದಲು ಕಾಣುವುದು ಅವನ ಮೀಸೆ, ಆಮೇಲೆ ಅವನು. ಇಪ್ಪತ್ತೈದು ವರ್ಷ ಎಣ್ಣೆ ತಿಕ್ಕಿ ಸಾಕಿದ ಮೀಸೆ. ದೊಡ್ಡಪ್ಪನಿಗೆ ಮಕ್ಕಳಿಲ್ಲದ್ದರಿಂದ ಬೆಂಕಿ ಹಿಡಿಯುವ ಕೆಲಸ ಇವನ ತಲೆಗೇ ಬಂದಿತ್ತು. ಬೆಂಕಿ ಹಿಡಿಯುವವನು ತಲೆ ಮೀಸೆ ಎರಡನ್ನೂ ಬೋಳಿಸಬೇಕು. ಕ್ಷೌರಿಕ ಚನ್ನೇಶ್ ಮಧ್ಯಾಹ್ನದಿಂದ ಬೇವಿನ ಮರದ ಕೆಳಗೆ ಪೆಟ್ಟಿಗೆ ತೆರೆದುಕೊಂಡು ಕೂತಿದ್ದ. ಜವರಪ್ಪ ಒಮ್ಮೆ ರಾಹುಕಾಲ ಅಂದು, ಒಮ್ಮೆ ಫೋನು ಬಂತು ಅಂದು, ಒಮ್ಮೆ ಹೊಟ್ಟೆ ಸರಿಯಿಲ್ಲ ಅಂದು ಅವನಿಂದ ತಪ್ಪಿಸಿಕೊಳ್ಳುತ್ತಲೇ ಇದ್ದ.

“ಯಾವೂರಪ್ಪ ನೀನು?”

“ಅರಸೀಕೆರೆ.”

ಶಾಮಿಯಾನದ ಕೆಳಗೆ ಗುಸುಗುಸು ಹರಿದಾಡಿತು. ಜವರಪ್ಪನ ಕಣ್ಣುಗಳು ಹೊಳೆದವು.

“ನಮ್ ದೊಡ್ಡಪ್ಪ ಮೂವತ್ತು ವರ್ಷ ವಾರಾವಾರ ಅರಸೀಕೆರೆ ಸಂತೆಗ್ ಹೋಗೋರು. ಎತ್ತು ತತ್ತೀನಿ ಅಂತ. ಒಂದ್ ಕರಾನೂ ತರ್ಲಿಲ್ಲ. ಅಲ್ಲೊಂದು ಸಂಸಾರ ಐತೆ ಅಂತ ಊರೆಲ್ಲ ಅಂತಿತ್ತು. ನಾವ್ ನಂಬಿರ್ಲಿಲ್ಲ,” ಅಂದವನೇ ಅವನನ್ನು ಬಾಚಿ ತಬ್ಬಿಕೊಂಡ. “ತಮ್ಮಾ! ಇಷ್ಟು ದಿವ್ಸ ಎಲ್ಲಿದ್ಯೋ?”

“ಅಯ್ಯೋ, ನಾನು ಅವರ ಮಗ ಅಲ್ಲ. ಅವರನ್ನ ನೋಡೇ ಇಲ್ಲ.”

“ಗುರುತಿಲ್ದೋನು ಹಂಗ್ ಅಳ್ತಾನಾ? ನಾನು ಸ್ವಂತ ತಮ್ಮನ ಮಗ. ನಾನೇ ಹಂಗ್ ಅಳ್ಲಿಲ್ಲ!” ಈ ಮಾತಿಗೆ ಸುತ್ತಲಿನವರೆಲ್ಲ ತಲೆಯಾಡಿಸಿದರು.

“ನಮ್ಮಪ್ಪ ಗಂಡಸೀಲಿದಾರೆ ಸ್ವಾಮಿ. ಬದುಕಿದಾರೆ. ಬೆಳಿಗ್ಗೆ ಫೋನ್ ಮಾಡಿದ್ರು!”

“ಸಾಕಿದ ಅಪ್ಪ ದೇವ್ರಂಥೋನು ಕಣಪ್ಪ. ಬ್ಯಾಡ ಅಂದೋರ್ಯಾರು?”

ಚಿದಂಬರ ಹತ್ತು ಸಲ ಅಲ್ಲ ಅಂದ. ಅವನ ದನಿ ಮತ್ತೆ ಗ್ರಂಥಾಲಯದ ದನಿಯಾಗಿತ್ತು. “ನೋಡ್ರೋ, ದುಃಖಕ್ಕೆ ಗಂಟ್ಲೇ ಕಟ್ಕೊಂಡೈತೆ,” ಅಂತ ಜನ ಮರುಗಿದರು. ಕೊನೆಗೆ ಬಹಿರ್ದೆಸೆಯ ನೆಪ ಹೇಳಿ ಹಿತ್ತಿಲಿಗೆ ಓಡಿದ. ಫೋನಿಗೆ ಸಿಗ್ನಲ್ಲು ಸಿಕ್ಕಿದ್ದು ತಿಪ್ಪೆಯ ತುದಿಯಲ್ಲಿ ಮಾತ್ರ. ಅಲ್ಲಿ ನಿಂತು ಕೂಗನ್ನು ಕಳಿಸಿದ. ನಾಲ್ಕೂ ನಲವತ್ತೆರಡು. ಹೋಯಿತು! ಆ ಕ್ಷಣದಲ್ಲಿ ಚಿದಂಬರನಷ್ಟು ಸುಖಿ ಬೇಲೂರು ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಎಂಟು ನಿಮಿಷಕ್ಕೆ ಉತ್ತರ ಬಂತು.

‘ಹತ್ತೊಂಬತ್ತನೇ ಸೆಕೆಂಡಿನಿಂದ ಬರುವ ಎರಡನೇ ದನಿ ಯಾರದು? ಮೂವತ್ತು ವರ್ಷದಿಂದ ಈ ಸಂಗೀತ ಕೇಳುತ್ತಿದ್ದೇನೆ. ಇಂಥದ್ದು ಕೇಳಿಲ್ಲ. ಕುರ್ಚಿ ಬಿಟ್ಟು ಎದ್ದು ನಿಂತೆ. ಆದರೆ ಅದರ ಜೊತೆಗೆ ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡ ಹಾಗೆ ಒಬ್ಬ ಗಂಡಸು ಅರಚುತ್ತಿದ್ದಾನೆ. ದಯವಿಟ್ಟು ಅವನನ್ನು ತೆಗೆ. ಆ ದನಿಯೊಂದನ್ನೇ ನಲವತ್ತು ಸೆಕೆಂಡು ಕಳಿಸು. ಐದೂವರೆವರೆಗೆ ಕಾಯುತ್ತೇನೆ. ಆಮೇಲೆ ಪೋಲೆಂಡು.’

ಚಿದಂಬರ ಮೂರು ಸಲ ಓದಿದ. ಅರಚುತ್ತಿರುವ ಗಂಡಸು ತಾನೇ ಅನ್ನುವುದು ಮೂರನೇ ಸಲಕ್ಕೆ ಅರ್ಥವಾಯಿತು. ತಿಪ್ಪೆಯ ಮೇಲೆ ನಿಂತೇ ರೆಕಾರ್ಡು ಹಾಕಿ ಕಿವಿಗಿಟ್ಟ. ಮೊದಲು ಅವನದೇ ಕೂಗು. ಆಮೇಲೆ ಕೆಳಗಿನಿಂದ, ನೆಲದೊಳಗಿನಿಂದ ಎದ್ದ ಹಾಗೆ, ಗಿಡ್ಡಮ್ಮನ ದನಿ. ಅದರಲ್ಲಿ ಅರವತ್ತೈದು ವರ್ಷದ ಸಂಸಾರ ಇತ್ತು, ತೂಗದ ತೊಟ್ಟಿಲಿತ್ತು, ಗಂಡ ಸಂತೆಯಿಂದ ಬರಿಗೈಲಿ ಬಂದ ಸಂಜೆಗಳಿದ್ದವು. ಹಾಳಾದ ಊರು ಬಾಯಿಬಿಟ್ಟರೆ ಹೀಗೇ ಕೂಗುತ್ತದೆ. ತನ್ನದು ಅದರ ಪಕ್ಕದಲ್ಲಿ ಸೊಳ್ಳೆಯ ಗುಂಯ್. ಚಿದಂಬರನಿಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿನ ಹಿಂದೆಯೇ ಕಣ್ಣು ತುಂಬಿ ಬಂತು. ಸುಳ್ಳು ಹೇಳಬಾರದು, ಅವನೊಳಗೆ ನಿಜವಾದ ಸಂಗೀತಗಾರನೊಬ್ಬನಿದ್ದ. ಆಲ್ಬಮ್ಮಿಗೆ ಬೇಕಾದದ್ದು ಈ ದನಿಯೇ ಅಂತ ಅವನು ಒಪ್ಪಿಕೊಂಡ.

ಒಳಗೆ ಬಂದು ಗಿಡ್ಡಮ್ಮನ ಮುಂದೆ ಕೂತ. ಅವಳು ಮತ್ತೆ ಕಲ್ಲಾಗಿದ್ದಳು.

“ಅಜ್ಜೀ, ಇನ್ನೊಂದೇ ಒಂದು ಸಲ ಅಳ್ತೀರಾ? ಒಬ್ರೇ?”

ಗಿಡ್ಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾರಪ್ಪ ನೀನು ನಂಗೆ ಅಳು ಅನ್ನಾಕೆ? ಇವರ ಮಗ ಆಗಿದ್ರೆ ಹೇಳು, ನೀನು ಏನಂದ್ರೂ ಮಾಡ್ತೀನಿ. ಅಲ್ದಿದ್ರೆ ಎದ್ದು ನಿನ್ ದಾರಿ ನೋಡ್ಕೋ.”

ಐದೂ ನಾಲ್ಕು. ಜವರಪ್ಪ ಉಸಿರು ಬಿಗಿಹಿಡಿದು ನಿಂತಿದ್ದ. ಅವನ ಮೀಸೆಯ ಎರಡು ತುದಿಯೂ ನಡುಗುತ್ತಿದ್ದವು. ಚಿದಂಬರ ಒಮ್ಮೆ ಗಂಡಸಿಯಲ್ಲಿರುವ ಅಪ್ಪನನ್ನು ನೆನೆದ. ಒಮ್ಮೆ ಏಳು ವರ್ಷವನ್ನು ನೆನೆದ. ಏಳು ವರ್ಷವೇ ಗೆದ್ದಿತು.

“ಹೌದವ್ವ,” ಅಂದ. “ನಾನು ಮಗನೇ.”

“ಚನ್ನೇಶಾ!” ಅಂತ ಜವರಪ್ಪ ಹಾಕಿದ ಕೂಗು ಫಿನ್‌ಲ್ಯಾಂಡಿಗೇ ನೇರವಾಗಿ ಕೇಳಿಸಿರಬೇಕು. “ಪೆಟ್ಟಿಗೆ ತಗಂಬಾರ್ಲಾ! ಬೆಂಕಿ ಹಿಡಿಯೋನು ಸಿಕ್ದ!”

ಮುಂದೆ ಯಾವುದೂ ಚಿದಂಬರನ ಕೈಯಲ್ಲಿರಲಿಲ್ಲ. ಫೋನನ್ನು ಜಗಲಿಯ ಮೇಲಿಡುವುದಕ್ಕೆ ಮಾತ್ರ ಬಿಟ್ಟರು. ಬೇವಿನ ಮರದ ಕೆಳಗೆ ಕೂರಿಸಿ ಇಬ್ಬರು ಹೆಗಲು ಹಿಡಿದರು. ಚನ್ನೇಶ್ ಮೊದಲು ಕತ್ತರಿಯಲ್ಲಿ, ಆಮೇಲೆ ಕತ್ತಿಯಲ್ಲಿ ಕೆಲಸ ಮಾಡಿದ. “ಇಷ್ಟು ಕೂದ್ಲು ನಾನು ಹೆಂಗಸ್ರಲ್ಲೂ ನೋಡಿಲ್ಲ. ಮೂರು ಬ್ಲೇಡ್ ಹೋಯ್ತು ಕಣ್ರೀ,” ಅಂತ ಗೊಣಗಿದ. ಮೀಸೆಯೂ ಹೋಯಿತು. ಮೇಲಿಂದ ಎರಡು ಕೊಡ ತಣ್ಣೀರು. ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ ಅವನು ಫೋನು ಹಿಡಿದು ಗಿಡ್ಡಮ್ಮನ ಪಕ್ಕಕ್ಕೆ ಬಂದಾಗ ಐದೂ ಇಪ್ಪತ್ತೈದು.

ಎಲ್ಲರಿಗೂ ಸುಮ್ಮನಿರಲು ಕೈ ಸನ್ನೆ ಮಾಡಿದ. ಮಗನ ಮಾತಲ್ಲವೇ, ಶಾಮಿಯಾನದ ಕೆಳಗೆ ಸೂಜಿ ಬಿದ್ದರೆ ಕೇಳುವಂತಾಯಿತು. ಇಡೀ ದಿನ ಹುಡುಕಿದ ನಿಶ್ಶಬ್ದ ಈಗ ಅವನ ಮುಂದಿತ್ತು. ರೆಕಾರ್ಡು ಒತ್ತಿ ಮೈಕನ್ನು ಗಿಡ್ಡಮ್ಮನ ಬಾಯಿಯ ಹತ್ತಿರ ಹಿಡಿದ.

“ಅವ್ವಾ, ಈಗ ಅಳು.”

ಗಿಡ್ಡಮ್ಮ ಅವನ ಬೋಳು ತಲೆಯ ಮೇಲೆ ಕೈಯಿಟ್ಟಳು. ಹಣೆಯಿಂದ ಹಿಂದಕ್ಕೆ ಸವರಿದಳು. ಒಮ್ಮೆ ಹೆಣದ ಕಡೆ ನೋಡಿದಳು, ಒಮ್ಮೆ ಅವನ ಕಡೆ. ಅವಳ ಮುಖ ನಿಧಾನವಾಗಿ ಅರಳಿತು.

“ಥೇಟ್ ಅವರದ್ದೇ ಬುರುಡೆ ಕಣ್ರೋ!” ಅಂದಳು. “ಅರಸೀಕೆರೆಯೋಳಿಗೆ ಎಷ್ಟು ಶಾಪ ಹಾಕಿದ್ನೋ ನಾನು. ಇಂಥಾ ಮಗನ್ನ ಹೆತ್ತು ಕಳ್ಸವ್ಳಲ್ಲ, ಅವಳ ಹೊಟ್ಟೆ ತಣ್ಣಗಿರ್ಲಿ.”

“ಅವ್ವಾ, ದಮ್ಮಯ್ಯ. ನಲವತ್ತೇ ಸೆಕೆಂಡು. ಆಗಲೇ ಅತ್ತ ಹಾಗೆ.”

“ಆಗ್ಲೇನೋ ಅತ್ತೆ. ಆಗ ಯಾರಿದ್ರು ನಂಗೆ?” ಗಿಡ್ಡಮ್ಮ ಬೊಚ್ಚುಬಾಯಿ ತುಂಬ ನಕ್ಕು ಸೆರಗಿನಿಂದ ಅವನ ತಲೆ ಒರೆಸಿದಳು. “ಈಗ ಮಗ ಮನೆಗ್ ಬಂದವ್ನೆ. ಇನ್ನೂ ಅಳ್ತಾ ಕೂರಾಕೆ ನಾನೇನ್ ಮಕ್ಳಿಲ್ದೋಳೇನ್ಲಾ?”

ಚಿದಂಬರ ಬೇಡಿದ. ಕಾಲು ಹಿಡಿದ. ಹಿಡಿದಷ್ಟೂ ಅವಳ ಸಂತೋಷ ಹೆಚ್ಚಾಯಿತು. ಸುತ್ತಲಿನ ಹೆಂಗಸರೂ ಕಣ್ಣೊರೆಸಿಕೊಂಡು ನಗತೊಡಗಿದರು. ಐದೂವರೆಗೆ ಕೈಯಲ್ಲಿದ್ದ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ನೋಡುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಜವರಪ್ಪ ಮೀಸೆ ನೀವುತ್ತ ಬಂದು, ಫೋನು ಕಸಿದುಕೊಂಡು, ಬೆಂಕಿಯ ಮಡಕೆಯನ್ನು ಅವನ ಕೈಗೆ ಕೊಟ್ಟ.

“ನಡಿ ತಮ್ಮಾ ಮುಂದೆ, ಹೊತ್ತು ಮುಳುಗ್ತದೆ. ಇನ್ನ ಹನ್ನೊಂದು ದಿವ್ಸ ಈ ಊರು ಬಿಟ್ಟು ಎಲ್ಲೂ ಹೋಗಂಗಿಲ್ಲ.”

ತಮಟೆಯವರು ಶುರು ಮಾಡಿದರು. ಚಿದಂಬರ ಮಡಕೆ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನಡೆದ.